ಮಗುವಿಗೆ ಬಾಲಮಂದಿರವೋ, ಮನೆಯೋ? ಸರ್ಕಾರದ ಹೊಣೆ ಎಲ್ಲಿಯವರೆಗೆ?

ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಅಳುತ್ತ ನಿಂತ ಮಗು, ಹೋಟೆಲಿನಲ್ಲಿ ಲೋಟ ತೊಳೆಯುವ ಬಾಲಕ, ಬಾಲ್ಯವಿವಾಹದಿಂದ ಪಾರಾದ ಬಾಲಕಿ - ಇವರ ಹೊಣೆ ಯಾರದು? 'ಯಾವುದಾದರೂ ಆಶ್ರಮಕ್ಕೆ ಸೇರಿಸಿದರಾಯಿತು' ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಕಾನೂನಿನ ಉತ್ತರ ಬೇರೆಯೇ ಇದೆ. ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಂ ಸ್ಪಷ್ಟವಾಗಿ ವಿಧಿಸಿದೆ.

24 ಗಂಟೆಗಳ ಗಡುವು

ಪೋಷಕರಿಂದ ಬೇರ್ಪಟ್ಟ ಮಗು ಕಣ್ಣಿಗೆ ಬಿದ್ದರೆ ಯಾರೇ ಆಗಲಿ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ, ಪೊಲೀಸ್ ಠಾಣೆ, ಮಕ್ಕಳ ಕಲ್ಯಾಣ ಸಮಿತಿ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಬೇಕು. ತಿಳಿಸದಿರುವುದು ಅಪರಾಧ. ಇದಕ್ಕೆ ಆರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು.

ಈ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಸಮಿತಿಗೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವಿದೆ. ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕೆಂಬ ನಿಯಮವೂ ಉಂಟು. ಸಭೆ ಇಲ್ಲದ ದಿನ ಒಬ್ಬ ಸದಸ್ಯರ ಮುಂದೆಯೇ ಮಗುವನ್ನು ಹಾಜರುಪಡಿಸಬಹುದು.

ಸಮಾಜ ಕಾರ್ಯಕರ್ತರ ವರದಿಯೇ ಆಧಾರ

ಮಗುವಿನ ಮನೆ ಎಲ್ಲಿದೆ, ಹೆತ್ತವರು ಯಾರು, ಮಗು ಅಲ್ಲಿಂದ ಹೊರಟಿದ್ದೇಕೆ, ಮರಳಿ ಕಳುಹಿಸುವುದು ಕ್ಷೇಮವೇ? ಇದನ್ನೆಲ್ಲ ಸಮಾಜ ಕಾರ್ಯಕರ್ತರು ಅಥವಾ ಮಕ್ಕಳ ಕಲ್ಯಾಣಾಧಿಕಾರಿ ವಿಚಾರಿಸಿ ವರದಿ ನೀಡುತ್ತಾರೆ. ಈ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಹೊರಬೀಳಬೇಕು. ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ಗಮನಿಸಬೇಕು.

ಇಡೀ ವ್ಯವಸ್ಥೆ ನಿಂತಿರುವುದು ಈ ವರದಿಯ ಮೇಲೆ. ಅದು ತಡವಾದರೆ ತಾಯಿ ಇದ್ದೂ ಮಗು ತಿಂಗಳುಗಟ್ಟಲೆ ಬಾಲಮಂದಿರದಲ್ಲಿ ಉಳಿಯುತ್ತದೆ. ಅವಸರದಲ್ಲಿ ಬರೆದರೆ, ಹಿಂಸೆ ಇದ್ದ ಮನೆಗೇ ಮಗು ಮರಳುತ್ತದೆ.

ಬಡತನ ಕಾರಣವಾಗಬಾರದು

ಗಂಡನನ್ನು ಕಳೆದುಕೊಂಡು ದಿನಗೂಲಿಗೆ ಹೋಗುವ ತಾಯಿ, ಸಾಕಲಾಗದೆ ಮಗುವನ್ನು ಸಂಸ್ಥೆಗೆ ಒಪ್ಪಿಸಲು ಬಂದರೆ ಸರ್ಕಾರ ಏನು ಮಾಡಬೇಕು? ಇದಕ್ಕಾಗಿಯೇ 'ಪ್ರಾಯೋಜಕತ್ವ' ಯೋಜನೆ ಇದೆ. ಕೇಂದ್ರದ 'ಮಿಷನ್ ವಾತ್ಸಲ್ಯ' 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ನಿಗದಿಯಾಗಿದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ವಿಧವೆಯರು, ಪತಿಯಿಂದ ಪರಿತ್ಯಕ್ತರಾದವರು, ಮಾರಣಾಂತಿಕ ಕಾಯಿಲೆಗೆ ತುತ್ತಾದವರು - ಇವರ ಮಕ್ಕಳು, ಹಾಗೂ ಬಂಧುಗಳ ಆಶ್ರಯದಲ್ಲಿರುವ ಅನಾಥ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಕರ್ನಾಟಕದಂಥ ರಾಜ್ಯಗಳಲ್ಲಿ ವೆಚ್ಚದ ಶೇ. 60 ಕೇಂದ್ರದ್ದು, ಶೇ. 40 ರಾಜ್ಯದ್ದು.

ಸಂಸ್ಥೆಗೆ ಒಪ್ಪಿಸಿದ ಮಾತ್ರಕ್ಕೆ ಸರ್ಕಾರದ ಹೊಣೆ ಮುಗಿಯದು ಎಂಬುದಕ್ಕೆ ಬಿಹಾರದ ಮುಜಫ್ಫರಪುರ ಸಾಕ್ಷಿ. ಅಲ್ಲಿ ಸರ್ಕಾರದ ಅನುದಾನದಲ್ಲಿ ನಡೆಯುತ್ತಿದ್ದ ಬಾಲಕಿಯರ ಆಶ್ರಯಧಾಮದಲ್ಲಿ ಲೈಂಗಿಕ ದೌರ್ಜನ್ಯ ನಡೆಯುತ್ತಿರುವುದನ್ನು ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2018ರಲ್ಲಿ ಸಲ್ಲಿಸಿದ ಸಾಮಾಜಿಕ ಲೆಕ್ಕಪರಿಶೋಧನಾ ವರದಿ ಬೆಳಕಿಗೆ ತಂದಿತು. 2020ರಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿಯನ್ನು ತಪ್ಪಿತಸ್ಥರೆಂದು ಘೋಷಿಸಿತು. ಹಣ ಕೊಟ್ಟವರು ಒಳಗೆ ಹೋಗಿ ಮಕ್ಕಳೊಡನೆ ಮಾತನಾಡದಿದ್ದರೆ ನೋಂದಣಿ ಪತ್ರ ಗೋಡೆಯ ಮೇಲಷ್ಟೇ ಉಳಿಯುತ್ತದೆ.

ದೂರು ಎಲ್ಲಿಗೆ?

1996ರಲ್ಲಿ ಮುಂಬೈಯಲ್ಲಿ ಇದೇ ಟಾಟಾ ಸಂಸ್ಥೆಯ ಪ್ರಯೋಗವಾಗಿ ಆರಂಭಗೊಂಡ 1098 ಸಹಾಯವಾಣಿ ದೀರ್ಘಕಾಲ ಸ್ವಯಂಸೇವಾ ಸಂಸ್ಥೆಗಳ ಹೆಗಲ ಮೇಲಿತ್ತು. 2023ರಿಂದ ಅದನ್ನು ರಾಜ್ಯ ಸರ್ಕಾರಗಳಿಗೆ ಒಪ್ಪಿಸಿ, ತುರ್ತು ಸಂಖ್ಯೆ 112ರೊಂದಿಗೆ ಜೋಡಿಸುವ ಕಾರ್ಯ ನಡೆಯಿತು. ಹೀಗಾಗಿ ಕರೆಗೆ ಓಗೊಡುವ ಹೊಣೆ ಈಗ ನೇರವಾಗಿ ಸರ್ಕಾರದ್ದೇ. ಕರೆ ಉಚಿತ, ದಿನದ ಯಾವ ಹೊತ್ತಿನಲ್ಲೂ ಮಾಡಬಹುದು.

ಪ್ರಾಯೋಜಕತ್ವದ ನೆರವಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬೇಕು. ಮಕ್ಕಳ ಕಲ್ಯಾಣ ಸಮಿತಿಯ ಕಾರ್ಯವೈಖರಿಯ ಬಗ್ಗೆ ಅಸಮಾಧಾನವಿದ್ದರೆ ಜಿಲ್ಲಾಧಿಕಾರಿಗೆ ದೂರು ಸಲ್ಲಿಸಬಹುದು. ಮೂರು ತಿಂಗಳಿಗೊಮ್ಮೆ ಸಮಿತಿಯ ಕೆಲಸವನ್ನು ಪರಿಶೀಲಿಸುವುದು ಅವರ ಶಾಸನಬದ್ಧ ಕರ್ತವ್ಯ.