ಶಿಬಿರಕ್ಕೆ ಬಾರದ ಗಂಡಸರು, ಬಾಯಿಬಿಡದ ಹೆಂಗಸರು

ನ್ಯೂಯಾರ್ಕ್‌ನಲ್ಲಿ ಟ್ಯಾಕ್ಸಿ ಓಡಿಸುವವರಲ್ಲಿ ಬಾಂಗ್ಲಾದೇಶ, ಪಾಕಿಸ್ತಾನ, ಪಂಜಾಬಿನಿಂದ ಹೋದವರು ಬಹಳ. ಹತ್ತು ಹನ್ನೆರಡು ತಾಸಿನ ಪಾಳಿ, ಸ್ಟಿಯರಿಂಗ್ ಮುಂದೆಯೇ ಊಟ. ಗಾಡಿ ನಿಲ್ಲಿಸಲು ಜಾಗ ಸಿಗದೆ ಮೂತ್ರ ತಡೆದುಕೊಳ್ಳುವುದು, ಆ ತಾಪತ್ರಯವೇ ಬೇಡವೆಂದು ನೀರು ಕುಡಿಯದಿರುವುದು ಇಲ್ಲಿ ಮಾಮೂಲು. ಇಂಥವರಿಗೆಂದು ಬೆಳಿಗ್ಗೆ ಹನ್ನೊಂದಕ್ಕೆ ಸಮುದಾಯ ಭವನದಲ್ಲಿ ಮಧುಮೇಹದ ಶಿಬಿರ ಇಟ್ಟರೆ ಬರುವವರು ಹೆಂಗಸರೇ. ಗಂಡಸರಿಗೆ ಆರೋಗ್ಯದ ಕಾಳಜಿ ಇಲ್ಲವೆಂದು ಷರಾ ಬರೆದರೆ ಮುಗಿಯಿತು.

ಆದರೆ 2011ರಲ್ಲಿ ಸಂಶೋಧಕರು ಕೆನಡಿ ವಿಮಾನ ನಿಲ್ದಾಣದ ಬಳಿ ಟ್ಯಾಕ್ಸಿಗಳು ಸರದಿ ಕಾಯುವ ಬಯಲಿಗೇ ಹೋಗಿ ತಪಾಸಣೆ ನಡೆಸಿದಾಗ ನೂರಾರು ಚಾಲಕರು ತೋಳು ಚಾಚಿದರು. ಕಾಳಜಿ ಇತ್ತು, ಬಿಡುವು ಇರಲಿಲ್ಲ.

ದಕ್ಷಿಣ ಏಷ್ಯಾದವರಿಗೆ ಈ ತಪಾಸಣೆ ತೀರಾ ಮುಖ್ಯ. ಅಷ್ಟೇ ತೂಕದ ಯುರೋಪಿಯನ್ನರಿಗಿಂತ ನಮ್ಮ ಹೊಟ್ಟೆಯೊಳಗೆ, ಅಂಗಾಂಗಗಳ ಸುತ್ತ, ಕೊಬ್ಬು ಹೆಚ್ಚು. ಆದ್ದರಿಂದಲೇ ಏಷ್ಯನ್ನರ ವಿಷಯದಲ್ಲಿ ದೇಹತೂಕ ಸೂಚ್ಯಂಕ 25 ಮುಟ್ಟುವವರೆಗೆ ಕಾಯದೆ 23ಕ್ಕೇ ಎಚ್ಚರ ವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದ್ದು. ಹೊರನೋಟಕ್ಕೆ ಸಣಕಲಾಗಿದ್ದವರಿಗೂ ಸಕ್ಕರೆ ಕಾಯಿಲೆ ಬಂದಿರಬಹುದು.

ಹಾಗಾದರೆ ಶಿಬಿರಕ್ಕೆ ಬಂದ ಹೆಂಗಸರು ಗೆದ್ದರೇ? ಅನ್ನ ಕಡಿಮೆ ಮಾಡಿ ಎಂಬ ಸಲಹೆ ಅಡುಗೆಮನೆ ಹೊಕ್ಕ ಕೂಡಲೇ ಅತ್ತೆ, ಗಂಡ, ಮಕ್ಕಳ ನಾಲಿಗೆಯೊಂದಿಗೆ ಚೌಕಾಸಿಗೆ ನಿಲ್ಲುತ್ತದೆ. ದಿನಾ ಅರ್ಧ ಗಂಟೆ ನಡೆಯಿರಿ ಎನ್ನುವುದು ಸುಲಭ. ಗುರುತಿಲ್ಲದ ಬೀದಿಯಲ್ಲಿ, ಮಂಜು ಬೀಳುವ ಜನವರಿಯಲ್ಲಿ, ಒಬ್ಬಳೇ ಹೊರಡಬೇಕಲ್ಲ. ಇನ್ನೊಂದು ತೊಡಕು ವೈದ್ಯರ ಕೋಣೆಯಲ್ಲಿದೆ. ಸಕ್ಕರೆ ಹತೋಟಿ ತಪ್ಪಿದಾಗ ಗುಪ್ತಾಂಗದಲ್ಲಿ ಶಿಲೀಂಧ್ರ ಸೋಂಕು, ತುರಿಕೆ ಮತ್ತೆ ಮತ್ತೆ ಬರುತ್ತದೆ. ಇಂಗ್ಲಿಷ್ ಬಾರದ ತಾಯಿಗೆ ದುಭಾಷಿ ಹದಿನಾರರ ಮಗ. ಅವನೆದುರು ಆಕೆ ಹೇಳುವುದು ಸುಸ್ತು, ಕಾಲುನೋವು ಎಂದಷ್ಟೇ.

ಗಂಡಸಿಗೂ ಇಂಥದೇ ಗುಟ್ಟಿದೆ. ಮಧುಮೇಹ ರಕ್ತನಾಳ, ನರಗಳನ್ನು ಕೆಡಿಸಿದಾಗ ಲೈಂಗಿಕ ಶಕ್ತಿ ಕುಂದುತ್ತದೆ. ಕೆಲವರಲ್ಲಿ ಕಾಯಿಲೆಯ ಮೊದಲ ಸುಳಿವೇ ಅದು. ಅದನ್ನು ಯಾರಲ್ಲಿ ಹೇಳಿಕೊಳ್ಳಬೇಕು? ನಮ್ಮಲ್ಲಿ ಮನೆಮನೆಗೆ ಬರುವ ಆಶಾ ಆರೋಗ್ಯ ಕಾರ್ಯಕರ್ತೆ ಎಂದರೆ ಹೆಣ್ಣೇ. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ವಲಸಿಗರ ಮನೆಬಾಗಿಲಿಗೆ ಹೋಗುವ ಪ್ರೊಮೋತೋರಾ ಎಂಬ ಆರೋಗ್ಯ ಕಾರ್ಯಕರ್ತರೂ ಹೆಚ್ಚಾಗಿ ಹೆಂಗಸರೇ. ತಾಯಿ-ಮಗುವಿನ ಆರೈಕೆಗೆ ಈ ಏರ್ಪಾಡು ಸರಿಯೇ. ಟ್ಯಾಕ್ಸಿ ಚಾಲಕನಿಗೆ ಮಾತ್ರ ಅವನ ಭಾಷೆಯ, ಅವನ ವಯಸ್ಸಿನ ಗಂಡಸೇ ಬೇಕು. ಆದರೆ ಈ ಕೆಲಸಕ್ಕೆ, ಅನುದಾನ ಇರುವಷ್ಟು ದಿನದ ಅಲ್ಪ ಸಂಬಳಕ್ಕೆ, ಟ್ಯಾಕ್ಸಿ ಬಿಟ್ಟು ಬರುವವರು ಸಿಗಬೇಕಲ್ಲ.