ಕೂತವರು ಯಾರು, ನಿಂತವರು ಯಾರು: ಕಿರುಚಿತ್ರದಲ್ಲಿ ವರ್ಗ ಕಾಣುವ ಬಗೆ

ಕಾಲೇಜು ಹುಡುಗರು ಮಾಡುವ ಕಿರುಚಿತ್ರಗಳಲ್ಲಿ ಬಡವನನ್ನು ಗುರುತಿಸುವುದು ಬಹಳ ಸುಲಭ. ಮುಖಕ್ಕೆ ಬಳಿದ ಕಂದು ಬಣ್ಣ, ಕತ್ತರಿಯಲ್ಲಿ ಹರಿದ ಬನಿಯನ್, ಕೆದರಿದ ತಲೆ. ಶ್ರೀಮಂತನಾದರೆ ಕಾರು, ಕಪ್ಪು ಕನ್ನಡಕ. ಇದರಿಂದ ಒಬ್ಬನ ಹತ್ತಿರ ದುಡ್ಡಿದೆ, ಇನ್ನೊಬ್ಬನ ಹತ್ತಿರ ಇಲ್ಲ ಎಂಬುದಷ್ಟೇ ಗೊತ್ತಾಗುತ್ತದೆ. ಒಬ್ಬನ ಮೇಲೆ ಇನ್ನೊಬ್ಬನ ಹಿಡಿತ ಎಂಥದ್ದು ಎಂಬುದು ತಿಳಿಯುವುದಿಲ್ಲ. ಯಾರು ಕೂರುತ್ತಾರೆ, ಯಾರು ಕಾಯುತ್ತಾರೆ, ಯಾರು ಯಾವ ಬಾಗಿಲಿನಿಂದ ಒಳಗೆ ಬರುತ್ತಾರೆ ಎಂಬುದರಲ್ಲಿ ಆ ಹಿಡಿತ ಇರುತ್ತದೆ. ಕ್ಯಾಮೆರಾ ಹಿಡಿಯಬೇಕಾದದ್ದು ಅದನ್ನು.

ಒಂದು ಸಣ್ಣ ದೃಶ್ಯ ತೆಗೆದುಕೊಳ್ಳೋಣ. ತೋಟದ ಆಳೊಬ್ಬ ಬಾಕಿ ಕೂಲಿ ಕೇಳಲು ಯಜಮಾನರ ಮನೆಗೆ ಬರುತ್ತಾನೆ. ಕ್ಯಾಮೆರಾ ಕೆಳಗಿಟ್ಟು ತೆಗೆದರೆ ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ, ಮೇಲಿನಿಂದ ತೆಗೆದರೆ ಕುಗ್ಗುತ್ತಾನೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ನಮ್ಮ ಮನೆಗಳಲ್ಲಿ ಯಜಮಾನ ಕೂತಿರುತ್ತಾನೆ, ಆಳು ನಿಂತಿರುತ್ತಾನೆ. ಎತ್ತರದಲ್ಲಿರುವುದು ಆಳಿನ ತಲೆಯೇ. ಆದ್ದರಿಂದ ಆ ಸೂತ್ರವನ್ನು ಇಲ್ಲಿ ಕಣ್ಣುಮುಚ್ಚಿ ಹಾಕಿದರೆ ಕೆಲಸ ಕೆಡುತ್ತದೆ.

ಹಾಗಾದರೆ ಏನು ಮಾಡಬಹುದು? ಕ್ಯಾಮೆರಾವನ್ನು ಕೂತ ಯಜಮಾನರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಮೂರೂವರೆ ಅಡಿ ಎತ್ತರಕ್ಕೆ ಇಳಿಸಿ, ಒಂದಿಷ್ಟೂ ಮೇಲಕ್ಕೆತ್ತದೆ ನೇರ ಇಡಿ. ಅವರು ಪೇಪರು ಓದುತ್ತಿದ್ದಾರೆ. ಆಳು ಹತ್ತಿರ ಬಂದು ನಿಂತಾಗ ಚೌಕಟ್ಟಿನೊಳಗೆ ಅವನ ಹೊಟ್ಟೆ, ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದ ಟವೆಲ್ಲು, ಅದನ್ನು ಹಿಂಡುತ್ತಿರುವ ಬೆರಳು ಇಷ್ಟೇ ಕಾಣುತ್ತವೆ. ಮುಖ ಚೌಕಟ್ಟಿನಾಚೆ ಉಳಿಯುತ್ತದೆ. ಯಜಮಾನರು ತಲೆಯೆತ್ತಿ ನೋಡುವವರೆಗೂ ಪ್ರೇಕ್ಷಕರಿಗೂ ಆ ಮುಖ ಸಿಗಬಾರದು. ಅವನಿಗೆ ಮುಖ ಕೊಡುವ ಅಧಿಕಾರವೂ ಯಜಮಾನರ ಕೈಯಲ್ಲಿದೆ ಎಂದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ಮುಂದೆ ಆಳು ದನಿ ಎತ್ತಿದ ಗಳಿಗೆಯಲ್ಲಿ ಕ್ಯಾಮೆರಾ ಅವನ ಎತ್ತರಕ್ಕೆ ಏರಲಿ. ಆಗ ಕೆಳಗೆ ಯಜಮಾನರ ನೆತ್ತಿ ಕಾಣುತ್ತದೆ. ಈ ಬದಲಾವಣೆ ಇಡೀ ದೃಶ್ಯದಲ್ಲಿ ಒಮ್ಮೆ ಬಂದರೆ ಸಾಕು. ಪ್ರತಿ ಶಾಟಿಗೂ ಕ್ಯಾಮೆರಾ ಏರಿ ಇಳಿಯುತ್ತಿದ್ದರೆ ಯಾರಿಗೂ ಏನೂ ಹೊಳೆಯದು.

ಲೆನ್ಸ್ ಆಯ್ಕೆಯೂ ಇದೇ ಕೆಲಸಕ್ಕೆ ಬರುತ್ತದೆ. 24 ಎಂಎಂ ಲೆನ್ಸ್ ಹಾಕಿ ಕ್ಯಾಮೆರಾವನ್ನು ಯಜಮಾನರ ಪಕ್ಕಕ್ಕೆ ತಂದರೆ ಹತ್ತಡಿ ದೂರದ ಬಾಗಿಲಲ್ಲಿ ನಿಂತವನು ತೀರಾ ಸಣ್ಣವನಾಗುತ್ತಾನೆ. 85 ಎಂಎಂ ಹಾಕಿ ಹಿಂದೆ ಸರಿದರೆ ಇಬ್ಬರ ಗಾತ್ರವೂ ಸರಿಸಮಕ್ಕೆ ಬರುತ್ತದೆ. ಇನ್ನು ಹೊಸ್ತಿಲು ನಮ್ಮ ಮನೆಗಳಲ್ಲಿ ಪುಕ್ಕಟೆಯಾಗಿ ಸಿಗುವ ಗೆರೆ. ಕ್ಯಾಮೆರಾ ಅದರ ಒಳಗಿದ್ದರೆ ನಾವು ಮನೆಯವರು. ಅಂಗಳಕ್ಕೆ ಬಂದು ಆಳಿನ ಬೆನ್ನ ಹಿಂದೆ ನಿಂತರೆ ಅದೇ ಮನೆ ಕತ್ತಲೆಯ ಗುಹೆಯಾಗಿ ಕಾಣುತ್ತದೆ. ಯಾವ ಕಡೆ ನಿಲ್ಲುತ್ತೀರಿ ಎಂಬುದನ್ನು ಚಿತ್ರೀಕರಣದ ಹಿಂದಿನ ದಿನವೇ ತೀರ್ಮಾನಿಸಿಕೊಳ್ಳಿ.

ಬಟ್ಟೆಯ ವಿಷಯಕ್ಕೆ ಬಂದರೆ ಮುರ್ನೌ ನಿರ್ದೇಶಿಸಿದ 1924ರ ಜರ್ಮನ್ ಮೂಕಿಚಿತ್ರ 'ದಿ ಲಾಸ್ಟ್ ಲಾಫ್' ಅನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ನೋಡಬೇಕು. ದೊಡ್ಡ ಹೋಟೆಲಿನ ಮುಂಬಾಗಿಲಲ್ಲಿ ನಿಲ್ಲುವ ಮುದುಕ ಅದರ ನಾಯಕ. ಎಮಿಲ್ ಯಾನಿಂಗ್ಸ್ ಆ ಪಾತ್ರ ಮಾಡಿದ್ದಾರೆ. ಅವನೂ ಸಂಬಳಕ್ಕೆ ದುಡಿಯುವವನೇ. ಆದರೆ ಹೊಳೆಯುವ ಗುಂಡಿಗಳ ಉದ್ದ ಕೋಟು ಮೈಮೇಲಿರುವವರೆಗೆ ಅವನು ವಠಾರದವರ ಕಣ್ಣಿಗೆ ಸೇನಾಪತಿ. ವಯಸ್ಸಾಯಿತೆಂದು ಅವನನ್ನು ಕೆಳಗಿನ ಶೌಚಾಲಯದ ಕೆಲಸಕ್ಕೆ ತಳ್ಳಿ ಕೋಟು ಕಳಚಿಸುತ್ತಾರೆ. ನಟ ಅದೇ, ಮುಖ ಅದೇ, ಆದರೆ ಬೆನ್ನು ಬಾಗಿರುತ್ತದೆ, ಇಳಿಯುವುದಕ್ಕೆ ಮೆಟ್ಟಿಲು ಬಂದಿರುತ್ತದೆ. ಒಂದು ಕೋಟು ಮತ್ತು ಮೇಲೆ-ಕೆಳಗೆ ಎಂಬ ಎರಡು ಜಾಗ ಇಟ್ಟುಕೊಂಡು, ಸಂಭಾಷಣೆಯ ಫಲಕಗಳನ್ನೇ ಬಳಸದೆ, ಮುರ್ನೌ ಇಷ್ಟನ್ನೂ ಹೇಳಿದ್ದಾರೆ.

ನಮ್ಮ ಆಳಿಗೆ ಹರಿದ ಬನಿಯನ್ ಬೇಡ ಎಂದು ನಾನು ಹೇಳುವುದು ಅದಕ್ಕೇ. ದುಡ್ಡು ಕೇಳಲು ಹೋಗುವ ದಿನ ಮನುಷ್ಯ ತನ್ನ ಒಳ್ಳೆಯ ಅಂಗಿಯನ್ನೇ ಹಾಕುತ್ತಾನೆ. ಟ್ರಂಕಿನಲ್ಲಿ ಮಡಿಸಿಟ್ಟ ಗೆರೆ ಎದೆಯ ಮೇಲೆ ಅಡ್ಡಡ್ಡ ಕಾಣಬೇಕು, ಕಾಲರಿನ ಅಂಚು ಸವೆದಿರಬೇಕು. ಅಂಗಿ ಹೊಸದಾಗಿದ್ದರೆ ಕಾಲರನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ, ನಾಲ್ಕು ಸಲ ಒಗೆಯಿರಿ. ಯಜಮಾನರು ಮನೆಯಲ್ಲಿ ಹಳೆಯ ಪಂಚೆ ಉಟ್ಟು ಬರಿಮೈಯಲ್ಲಿರಬಹುದು. ಚೆನ್ನಾಗಿ ಉಟ್ಟವನು ಕೈಕಟ್ಟಿ ನಿಂತಿದ್ದಾನೆ, ಬರಿಮೈಯವನು ಆರಾಮಾಗಿ ಕೂತಿದ್ದಾನೆ. ಊರಿನ ಬದುಕು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ವರ್ಗದ ಜೊತೆಗೆ ಜಾತಿ ಬಂದೇ ಬರುತ್ತದೆ. ಅದನ್ನು ಬಿಟ್ಟು ಬಡತನವನ್ನಷ್ಟೇ ತೋರಿಸಿದರೆ ಚಿತ್ರ ಅರ್ಧ ಸುಳ್ಳು. ಆಳಿಗೆ ಕಾಫಿ ಬರುವ ಲೋಟ ಬೇರೆಯದಾಗಿದ್ದು, ಕುಡಿದ ಮೇಲೆ ಅವನೇ ತೊಳೆದು ಹೊರಗಿನ ಗೂಡಿನಲ್ಲಿ ಇಡುವುದಾದರೆ, ಅದಕ್ಕೆ ಕ್ಲೋಸಪ್ ಬೇಡ, ಹಿನ್ನೆಲೆ ಸಂಗೀತವೂ ಬೇಡ. ಚೌಕಟ್ಟಿನ ಮೂಲೆಯಲ್ಲಿ ಅವನು ತೊಳೆಯುತ್ತಿರಲಿ, ಮುಂದೆ ಮನೆಯವರು ಬೇರೇನೋ ಮಾತಾಡುತ್ತಿರಲಿ. ಆ ಮನೆಯಲ್ಲಿ ಅದು ಯಾರ ಗಮನಕ್ಕೂ ಬಾರದಷ್ಟು ಮಾಮೂಲಿ ಎಂಬುದೇ ಘೋರ.

ನಾಗರಾಜ ಮಂಜುಳೆ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಮರಾಠಿ ಕಿರುಚಿತ್ರ 'ಪಿಸ್ತುಲ್ಯಾ', ಶಾಲೆಗೆ ಹೋಗುವ ಆಸೆಯಿಟ್ಟುಕೊಂಡ ಬಡ ಹುಡುಗನ ಕಥೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲಿನ 'ಫಂಡ್ರಿ'ಯಲ್ಲಿ ದಲಿತ ಕುಟುಂಬವೊಂದು ಹಿಡಿದ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತು ನಡೆಯುತ್ತದೆ. ಹಿಂದಿನ ಶಾಲೆಯ ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಮೊದಲಾದವರ ಚಿತ್ರಗಳಿವೆ. ಗೋಡೆ ಹೇಳುವುದು ಒಂದು, ಅದರ ಮುಂದೆ ನಡೆಯುತ್ತಿರುವುದು ಇನ್ನೊಂದು. ಕ್ಯಾಮೆರಾ ಎರಡನ್ನೂ ಒಟ್ಟಿಗೆ ಇಟ್ಟು ಸುಮ್ಮನಾಗುತ್ತದೆ. ಲೊಕೇಶನ್ ನೋಡಲು ಹೋದಾಗ ಇಂಥ ಗೋಡೆಗಳನ್ನು ಹುಡುಕಿ. ಖರ್ಚಿಲ್ಲದೆ ಸಿಗುವ ಸೆಟ್ ಅದು.

ಎಡಿಟಿಂಗ್ ಮುಗಿದ ಮೇಲೆ, ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ದನಿ ಪೂರ್ತಿ ಬಂದ್ ಮಾಡಿ ಚಿತ್ರ ತೋರಿಸಿ. ಸಾಧ್ಯವಾದರೆ ಅವರು ಕೂಲಿ ಮಾಡಿ ಬದುಕಿದವರಾಗಿರಲಿ. ಈ ಮನೆ ಯಾರದು, ಯಾರಿಗೆ ಯಾರ ಹೆದರಿಕೆ, ಆ ಹೆದರಿಕೆ ಎಲ್ಲಿ ಕಡಿಮೆಯಾಯಿತು ಎಂದು ಕೇಳಿ. ಉತ್ತರ ಬರದಿದ್ದರೆ ಸಂಭಾಷಣೆ ಸೇರಿಸಲು ಹೋಗಬೇಡಿ. ಆ ದೃಶ್ಯವನ್ನು ಮತ್ತೆ ಚಿತ್ರೀಕರಿಸಿ.