ಬೆಟ್ಟದ ದಾರಿಗೆ ಒಂದು ದಿನದ ಲೆಕ್ಕ

ಪರೀಕ್ಷೆಗಳು ಮುಗಿದೊಡನೆ ಬಸ್ಸು ಮಾಡಿಕೊಂಡು ಯಾವುದಾದರೊಂದು ಬೆಟ್ಟಕ್ಕೆ ಹೋಗಿಬರಬೇಕೆಂಬ ಉತ್ಸಾಹ ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಸಹಜ. ಯಾವ ಬೆಟ್ಟ, ಎಷ್ಟು ಮಂದಿ, ತಲೆಗೆಷ್ಟು ಹಣ, ಬುತ್ತಿಗೆ ಚಿತ್ರಾನ್ನವೋ ಮೊಸರನ್ನವೋ ಎಂಬ ವಿಷಯಗಳಲ್ಲಿ ದೀರ್ಘವಾದ ಚರ್ಚೆ ನಡೆಯುತ್ತದೆ. ಹೊತ್ತಿನ ವಿಷಯ ಬಂದಾಗ ಮಾತ್ರ, ‘ಬೆಳಗ್ಗೆ ಬೇಗ ಹೊರಟರೆ ಸಂಜೆಗೆ ಬಂದುಬಿಡಬಹುದು’ ಎಂಬ ಒಂದೇ ಮಾತಿನಲ್ಲಿ ಲೆಕ್ಕ ಮುಗಿದುಹೋಗುತ್ತದೆ. ಕತ್ತಲಲ್ಲಿ ಮೆಟ್ಟಿಲು ಕಾಣದೆ ತಡವರಿಸುವ ತಂಡ ಬೆಳಗ್ಗೆ ಈ ಮಾತನ್ನು ನಂಬಿ ಹೊರಟ ತಂಡವೇ ಆಗಿರುತ್ತದೆ. ಬೆಟ್ಟದ ಯೋಜನೆಯನ್ನು ಬೆಳಗಿನಿಂದ ಮುಂದಕ್ಕೆ ಹಾಕುವುದಲ್ಲ. ಸೂರ್ಯಾಸ್ತದಿಂದ ಹಿಂದಕ್ಕೆ ಹಾಕಬೇಕು. ಅದನ್ನು ಹೇಗೆ ಹಾಕಬೇಕೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದ ನಂದಿಬೆಟ್ಟವನ್ನೇ ತೆಗೆದುಕೊಳ್ಳಬಹುದು. ಅದರ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರು ಎತ್ತರದಲ್ಲಿದೆ. ಬೆಂಗಳೂರು ಸುಮಾರು 920 ಮೀಟರು. ಮೇಲಿನವರೆಗೆ ವಾಹನದ ರಸ್ತೆಯಿದ್ದರೂ, ಬುಡದ ಸುಲ್ತಾನಪೇಟೆಯಿಂದ ಹಳೆಯ ಮೆಟ್ಟಿಲ ದಾರಿಯೊಂದುಂಟು. ಆ ದಾರಿ ತೆರೆದಿದೆಯೇ, ಅನುಮತಿ ಬೇಕೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಏರಬೇಕಾದ ಎತ್ತರ 500 ಮೀಟರು, ದಾರಿಯ ಉದ್ದ 3 ಕಿಲೋಮೀಟರು ಎಂದು ಲೆಕ್ಕಕ್ಕೆ ಹಿಡಿಯೋಣ.

ಇದನ್ನು ಏರಲು ಎಷ್ಟು ಹೊತ್ತು ಬೇಕು? ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಎಂಬವರು 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟರು. ಅವರು ಮೈಲಿ ಮತ್ತು ಅಡಿಗಳಲ್ಲಿ ಹೇಳಿದುದನ್ನು ನಮ್ಮ ಮಾನಕ್ಕೆ ತಂದರೆ, ಪ್ರತಿ 5 ಕಿಲೋಮೀಟರು ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರು ಏರಿಕೆಗೆ ಇನ್ನೊಂದು ಗಂಟೆ. ಇದರಂತೆ ದೂರಕ್ಕೆ 36 ನಿಮಿಷ, ಎತ್ತರಕ್ಕೆ 50 ನಿಮಿಷ, ಒಟ್ಟು 86 ನಿಮಿಷ. ಆದರೆ ಈ ಸೂತ್ರ ನಡೆದು ಪಳಗಿದ, ನಿಲ್ಲದೆ ನಡೆಯಬಲ್ಲ ಆರೋಗ್ಯವಂತರಿಗೆ ಸಲ್ಲತಕ್ಕದ್ದು. ವರ್ಷವಿಡೀ ಬೆಂಚಿನ ಮೇಲೆ ಕುಳಿತವರ ತಂಡಕ್ಕೆ ಇದರ ಒಂದೂವರೆ ಪಟ್ಟನ್ನಾದರೂ ಇಟ್ಟುಕೊಳ್ಳುವುದು ವಿವೇಕ. ಅಂದರೆ ಏರುವುದಕ್ಕೆ 2 ಗಂಟೆ 10 ನಿಮಿಷ. ಇಳಿಯುವುದಕ್ಕೆ ಒಂದೂವರೆ ಗಂಟೆ.

ಈಗ ಸಂಜೆಯಿಂದ ಹಿಂದಕ್ಕೆ ಬರೋಣ. ಡಿಸೆಂಬರಿನ ನಡುವೆ ಬೆಂಗಳೂರಿನ ಸೀಮೆಯಲ್ಲಿ ಸೂರ್ಯ ಹೆಚ್ಚುಕಡಿಮೆ 6 ಗಂಟೆಗೆ ಮುಳುಗುತ್ತಾನೆ. ಉಷ್ಣವಲಯದಲ್ಲಿ ಸೂರ್ಯನ ಪಥ ದಿಗಂತಕ್ಕೆ ಕಡಿದಾಗಿರುವುದರಿಂದ ಮುಸ್ಸಂಜೆ ಬಹುಬೇಗ ಮುಗಿಯುತ್ತದೆ. ದೀಪವಿಲ್ಲದೆ ಹೆಜ್ಜೆಯಿಡಲು ಸಾಕಾಗುವಷ್ಟು ಬೆಳಕು ಅಸ್ತಮಾನದ ಅನಂತರ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಉಳಿಯುವುದು ಕಷ್ಟ. ಬೆಟ್ಟದ ಪೂರ್ವದ ಮಗ್ಗುಲಿನಲ್ಲಿದ್ದರೆ ಸೂರ್ಯ ಇನ್ನೂ ಮೊದಲೇ ಮರೆಯಾಗುತ್ತಾನೆ. ಆದಕಾರಣ 5 ಗಂಟೆಗೆ ಎಲ್ಲರೂ ಬುಡದಲ್ಲಿರಬೇಕು, 3.30ಕ್ಕೆ ಇಳಿಯಲು ತೊಡಗಬೇಕು. ಮೇಲೆ ಊಟಕ್ಕೂ ನೋಟಕ್ಕೂ ಮೂರು ಗಂಟೆ ಬೇಕಾದರೆ 12.30ಕ್ಕೆ ತಲಪಬೇಕು, 10.20ಕ್ಕೆ ಏರತೊಡಗಬೇಕು. ಊರಿನ ವಾಹನಸಂದಣಿಯನ್ನು ದಾಟಿ ಹೋಗಲು ಬಸ್ಸಿಗೆ ಎರಡು ಗಂಟೆ, ಇಳಿದು ಸಜ್ಜಾಗಲು 20 ನಿಮಿಷ. ಹೀಗೆ 8 ಗಂಟೆಗೆ ಬಸ್ಸು ಹೊರಡಲೇಬೇಕು. ಬಾಡಿಗೆಯ ಬಸ್ಸು ನಮಗಾಗಿ ಕಾಯುತ್ತದೆ. ದಿನನಿತ್ಯದ ಬಸ್ಸು ಕಾಯುವುದಿಲ್ಲ. ಅದರಲ್ಲಿ ಹೋಗತಕ್ಕವರು ಹಿಂದಿರುಗುವ ಬಸ್ಸಿನ ವೇಳೆಯನ್ನು ಮೊದಲು ತಿಳಿದು, ಲೆಕ್ಕವನ್ನು ಅಲ್ಲಿಂದ ಹಾಕಬೇಕು.

8 ಗಂಟೆಗೆ ಬಸ್ಸು ಹೊರಡುವುದು ನಿಜವೇ? ಇಲ್ಲಿ ಸಂಭವ ಗಣಿತದ ಒಂದು ಸ್ವಾರಸ್ಯವಿದೆ. ತಂಡದಲ್ಲಿ 40 ಮಂದಿ ಇದ್ದಾರೆನ್ನಿ. ಪ್ರತಿಯೊಬ್ಬರೂ ನೂರರಲ್ಲಿ 95 ಸಲ ಹೇಳಿದ ಹೊತ್ತಿಗೆ ಬರತಕ್ಕ ಶಿಸ್ತಿನವರೆನ್ನಿ. ನಲವತ್ತು ಮಂದಿಯೂ ಒಟ್ಟಿಗೆ ಸಕಾಲಕ್ಕೆ ಬರುವ ಸಂಭವವನ್ನು ತಿಳಿಯಲು 0.95ನ್ನು ಅದರಿಂದಲೇ ನಲವತ್ತು ಸಲ ಗುಣಿಸಬೇಕು. ಬರುವ ಉತ್ತರ 0.13. ಎಂಟು ಪ್ರವಾಸಗಳಲ್ಲಿ ಒಂದು ಮಾತ್ರ ಹೇಳಿದ ವೇಳೆಗೆ ಹೊರಡುತ್ತದೆ! ನೂರಕ್ಕೆ 99 ಸಲ ಸಕಾಲಕ್ಕೆ ಬರುವ ಅಪರೂಪದ ಜನರೇ ನಲವತ್ತು ಮಂದಿ ಸೇರಿದರೂ, ಮೂರರಲ್ಲಿ ಒಂದು ಸಲ ತಡವಾಗುತ್ತದೆ. ಆದುದರಿಂದ ತಡವಾಗಿ ಬಂದವನನ್ನು ಬೈಯುವುದಕ್ಕಿಂತ, 7.30ಕ್ಕೆ ಸೇರಬೇಕೆಂದು ಎಲ್ಲರಿಗೂ ಹೇಳುವುದು ಫಲಕಾರಿ. ಅಷ್ಟಾದರೂ ತಡವಾದರೆ, ಕಳೆದ ಹೊತ್ತನ್ನು ಮೇಲಿನ ಮೂರು ಗಂಟೆಗಳಿಂದ ಕಳೆಯಬೇಕು. 3.30 ಎಂಬ ಅಂಕಿಯನ್ನು ಮುಟ್ಟಕೂಡದು. ಆ ಹೊತ್ತಿಗೆ ಶಿಖರ ಇನ್ನು ನೂರು ಮೆಟ್ಟಿಲು ದೂರದಲ್ಲಿದ್ದರೂ ಹಿಂದಿರುಗತಕ್ಕದ್ದೇ.

ನಡೆಯುವಾಗಲೂ ತಂಡವೆಂಬುದು ಒಬ್ಬ ವ್ಯಕ್ತಿಯಂತೆ ವರ್ತಿಸುವುದಿಲ್ಲ. ಗಟ್ಟಿಗರು ಮುಂದೆ ಓಡಿ ಒಂದು ಬಂಡೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಅಲ್ಲಿಗೆ ಬಂದೊಡನೆ, ‘ಎಲ್ಲರೂ ಬಂದರಲ್ಲ, ಇನ್ನು ಏಳಿ’ ಎಂದು ಎದ್ದುಬಿಡುತ್ತಾರೆ. ಪರಿಣಾಮವಾಗಿ ವಿಶ್ರಾಂತಿ ಬೇಡದವರಿಗೆ ವಿಶ್ರಾಂತಿ ದೊರೆಯುತ್ತದೆ. ಬೇಕಾದವರಿಗೆ ದೊರೆಯುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು, ತಲೆ ಸುತ್ತಿ ಕುಳಿತುಬಿಡುವವರು ಈ ಹಿಂದಿನವರೇ. ಹೆಚ್ಚು ನಿಧಾನವಾಗಿ ನಡೆಯುವವರನ್ನು ಸಾಲಿನಲ್ಲಿ ಎರಡನೆಯ ಸ್ಥಾನದಲ್ಲಿ ನಡೆಸಿದರೆ ಈ ಅನ್ಯಾಯ ತಪ್ಪುತ್ತದೆ. ಸಾಲಿನ ವೇಗವೇ ಅವರ ವೇಗವಾಗುತ್ತದೆ. ಕಟ್ಟಕಡೆಗೆ ದಾರಿ ಬಲ್ಲ ಒಬ್ಬರಿರಬೇಕು. ಅವರ ಹಿಂದೆ ಯಾರೂ ಉಳಿಯಬಾರದು.

ನೀರಿನ ಲೆಕ್ಕವೂ ಭೌತಶಾಸ್ತ್ರದ ಲೆಕ್ಕವೇ. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿ 500 ಮೀಟರು ಏರಿದಾಗ ಮಾಡುವ ಕೆಲಸ ಸುಮಾರು 2,45,000 ಜೌಲ್, ಎಂದರೆ ಹೆಚ್ಚುಕಡಿಮೆ 58 ಕಿಲೊಕ್ಯಾಲೊರಿ. ನಮ್ಮ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಮಾತ್ರ ಇಂಥ ಕೆಲಸವಾಗುತ್ತದೆ, ಉಳಿದುದು ಶಾಖ. ಹೀಗೆ ಮೈಯಲ್ಲಿ ಹುಟ್ಟುವ 170 ಕಿಲೊಕ್ಯಾಲೊರಿಗೂ ಮೀರಿದ ಶಾಖವನ್ನು ಬೆವರು ಆವಿಯಾಗಿ ಹೊರಹಾಕಬೇಕು. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಈ ಏರಿಕೆಗಷ್ಟೇ 300 ಮಿಲಿಲೀಟರು ಬೇಕಾಯಿತು. ಬಿಸಿಲಿನ ಶಾಖ, ಆವಿಯಾಗದೆ ತೊಟ್ಟಿಕ್ಕಿ ಹೋಗುವ ಬೆವರು ಬೇರೆ. ಇಡೀ ದಿನಕ್ಕೆ ತಲೆಗೆ 2 ಲೀಟರಾದರೂ ಇರಲಿ. ನಲವತ್ತು ಮಂದಿಗೆ ಅದು 80 ಕಿಲೋಗ್ರಾಂ ಆಗುವುದರಿಂದ, ಅವರವರ ನೀರನ್ನು ಅವರವರೇ ಹೊರಬೇಕು. ತಿಂಡಿಯನ್ನು ಮುಚ್ಚಿದ ಚೀಲದಲ್ಲಿಡುವುದು ಒಳ್ಳೆಯದು; ನಂದಿಯ ಕೋತಿಗಳು ಯಾವ ಯೋಜನೆಯನ್ನೂ ಲೆಕ್ಕಿಸುವುದಿಲ್ಲ.

ಕಿಲೋಮೀಟರು ಎತ್ತರಕ್ಕೆ ಸರಾಸರಿ ಆರೂವರೆ ಡಿಗ್ರಿಯಂತೆ ಗಾಳಿ ತಣ್ಣಗಾಗುತ್ತದೆ. ಬೆಂಗಳೂರಿಗಿಂತ ನಂದಿಯ ನೆತ್ತಿ ಸುಮಾರು ಮೂರೂವರೆ ಸೆಲ್ಸಿಯಸ್ ಡಿಗ್ರಿ ತಂಪಾಗಿರುವುದು ಇದರಿಂದಲೇ. ಬೆವರಿನಿಂದ ನೆನೆದ ಅಂಗಿಯ ಮೇಲೆ ಗಾಳಿ ಬೀಸಿದಾಗ ಚಳಿ ಇನ್ನೂ ಹೆಚ್ಚಾಗಿ ತೋರುತ್ತದೆ. ಒಣ ಅಂಗಿಯೊಂದು ಜೊತೆಯಲ್ಲಿರಲಿ.

ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರು ಸೂರ್ಯಾಸ್ತಕ್ಕಿಂತ ಸಿಡಿಲನ್ನು ಮುಖ್ಯವಾಗಿ ಲೆಕ್ಕಿಸಬೇಕು. ಕಾದ ನೆಲದಿಂದ ಮೇಲೇರಿದ ತೇವದ ಗಾಳಿ ಮಧ್ಯಾಹ್ನದ ಮೇಲೆ ಗುಡುಗಿನ ಮೋಡಗಳಾಗುವುದರಿಂದ, ಆ ತಿಂಗಳುಗಳಲ್ಲಿ ಮಧ್ಯಾಹ್ನಕ್ಕೆ ಮೊದಲೇ ಶಿಖರವನ್ನು ಬಿಡುವಂತೆ ಲೆಕ್ಕಹಾಕುವುದು ಕ್ಷೇಮ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಎಣಿಕೆ 30ಕ್ಕಿಂತ ಕಡಮೆಯಾದರೆ ಬಯಲು ಬಂಡೆಯನ್ನೂ ಒಂಟಿ ಮರವನ್ನೂ ತಕ್ಷಣ ಬಿಟ್ಟು ಭದ್ರವಾದ ಕಟ್ಟಡವನ್ನು ಸೇರಬೇಕು. ಕಿಟಕಿ ಬಾಗಿಲು ಮುಚ್ಚಿದ ಬಸ್ಸೂ ಆದೀತು. ಅದರ ಲೋಹದ ಕವಚ ವಿದ್ಯುತ್ತನ್ನು ಹೊರಮೈಯಲ್ಲಿಯೇ ಹರಿಸಿ ನೆಲಕ್ಕೆ ಮುಟ್ಟಿಸುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬರಬಾರದು.

ಇದೇ ಲೆಕ್ಕ ಯಾವ ಬೆಟ್ಟ ಒಂದು ದಿನದ್ದಲ್ಲ ಎಂಬುದನ್ನೂ ತಿಳಿಸುತ್ತದೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತದ 1,712 ಮೀಟರಿನ ಶಿಖರಕ್ಕೆ ಏರಿಕೆಯೇ ಸುಮಾರು 1,600 ಮೀಟರು. ದಾರಿಯೂ 10 ಕಿಲೋಮೀಟರಿಗೆ ಕಡಮೆಯಿಲ್ಲ. ನೈಸ್ಮಿತ್ ಸೂತ್ರ 4 ಗಂಟೆ 40 ನಿಮಿಷ ಎನ್ನುತ್ತದೆ. ಒಂದೂವರೆ ಪಟ್ಟು ಮಾಡಿದರೆ ಏರುವುದಕ್ಕೇ 7 ಗಂಟೆ. ಬೆಳಗ್ಗೆ ಬೆಂಗಳೂರಿನಲ್ಲಿ ಬಸ್ಸು ಹತ್ತಿದ ತಂಡಕ್ಕೆ ಅದು ಸಲ್ಲದು.

ಇಳಿಯುವಾಗ ಹೊತ್ತು ಮಿಕ್ಕಿದ್ದರೂ ಓಡಬಾರದು. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಮೈಭಾರವನ್ನು ತಡೆಯುತ್ತಾ, ಬಿಗಿದಿರುವಂತೆಯೇ ಉದ್ದಕ್ಕೆ ಎಳೆಯಲ್ಪಡುತ್ತವೆ. ಏರುವಾಗ ಆಗದಂಥ ಸೂಕ್ಷ್ಮವಾದ ಹರಿತಗಳು ಅವುಗಳ ತಂತುಗಳಲ್ಲಿ ಆಗ ಉಂಟಾಗುತ್ತವೆ. ಮರುದಿನ ಮನೆಯ ಮೆಟ್ಟಿಲನ್ನು ಇಳಿಯಲೂ ನೋಯುವುದು ಇದರಿಂದಲೇ. ಆ ನೋವು ಕೆಲವು ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ. ಮೊಣಕಾಲು ಊದಿಕೊಂಡಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.